ಸಗಟು ತಪ್ಪು, ಚಿಲ್ಲರೆ ತಿದ್ದುಪಡಿ

ಸಿರಸಿ ಸೀಮೆಯ ಹೆಗಡೇರೊಬ್ಬರ ಅಡಿಕೆ ತೋಟ ಈಗ ಮಾರ್ಚ್ 12 ಆಗಿದೆ. ತೋಟದ ವಾರ್ಷಿಕೋತ್ಸವ ಅಲ್ಲ, ತೋಟವೇ. ಸರ್ವೆ ನಂಬರ್ 12, ಹಿಸ್ಸಾ 3. ಕೊಳೆರೋಗದ ಪರಿಹಾರದ ಅರ್ಜಿಯಲ್ಲಿ ಅವರು ನೆಟ್ಟಗೆ 12/3 ಎಂದೇ ಬರೆದಿದ್ದರು. ಕಚೇರಿಯಲ್ಲಿ ಯಾರೋ ಅದನ್ನು ಎಕ್ಸೆಲ್‌ಗೆ ಏರಿಸಿದರು. ಎರಡು ಸಣ್ಣ ಅಂಕಿಗಳ ನಡುವೆ ಓರೆಗೆರೆ ಕಂಡರೆ ಎಕ್ಸೆಲ್‌ಗೆ ಅದು ತಾರೀಖೇ. ಕೇಳುವ ಪದ್ಧತಿ ಅದಕ್ಕಿಲ್ಲ.

ಅಲ್ಲಿಗೇ ನಿಂತಿದ್ದರೆ ಕಣ್ಣಿಗೆ ಬಿದ್ದೀತು. ಆದರೆ ಕಚೇರಿಗೆ ಆಟೊಮೇಶನ್ ಬಂದಿದೆ. ಇಡೀ ಪಟ್ಟಿಯನ್ನು ಬಾಟ್ ಎಂಬ ಅದೃಶ್ಯ ಗುಮಾಸ್ತ ಒಂದೇ ಉಸಿರಿಗೆ ಡೇಟಾಬೇಸಿಗೆ ಸುರಿದು, ಹಳೆಯ ದಾಖಲೆಗಳ ಮೇಲೆ ಬರೆದುಬಿಟ್ಟಿತು. ಎಕ್ಸೆಲ್ ತನ್ನ ಹೊಟ್ಟೆಯೊಳಗೆ ತಾರೀಖನ್ನು 1900ರಿಂದ ಎಣಿಸಿದ ದಿನಗಳಾಗಿ ಇಟ್ಟುಕೊಳ್ಳುತ್ತದೆ; 2024ರ ಮಾರ್ಚ್ 12 ಅಂದರೆ 45363. ಹೀಗಾಗಿ ಒಂದು ಪರದೆಯಲ್ಲಿ ತೋಟ ಮಾರ್ಚ್ 12, ಇನ್ನೊಂದರಲ್ಲಿ ಸರ್ವೆ ನಂಬರ್ 45363. ಒಂದು ಗ್ರಾಮಕ್ಕೆ ಅಷ್ಟು ಸರ್ವೆ ನಂಬರ್ ಬೇಕಾದರೆ ಊರನ್ನು ಘಟ್ಟ ಇಳಿಸಿ, ಕುಮಟೆ ದಾಟಿಸಿ, ಸಮುದ್ರದಲ್ಲಿ ನೇತ್ರಾಣಿ ದ್ವೀಪದವರೆಗೆ ಎಳೆಯಬೇಕು.

"ನಿಮ್ಮ ಜಮೀನು ತಾಳೆ ಆಗ್ತಾ ಇಲ್ಲ ಹೆಗಡೇರೇ, ಮಾರ್ಚ್ ಅಂತ ತೋರಿಸ್ತದೆ."

"ಮಾರ್ಚಲ್ಲಿ ಎಲ್ಲಿ ಕೊಳೆ ಬತ್ತು ತಮಾ? ಅದು ಬಪ್ಪದು ಮಳೆಗಾಲದಲ್ಲಿ."

"ಹಾಂ, ಅದ್ಕೇ ರಿಜೆಕ್ಟ್ ಆಗಿದ್ದು."

ಕೊಳೆಗೆ ಬೋರ್ಡೋ ಹೊಡೆಯುವವರು ಮೈಲುತುತ್ತ, ಸುಣ್ಣ ಬೆರೆಸಿದ ಮೇಲೆ ದ್ರಾವಣದಲ್ಲಿ ಕತ್ತಿ ಅದ್ದಿ ನೋಡುತ್ತಾರೆ. ಅಲಗಿಗೆ ಕೆಂಪು ಹಿಡಿದರೆ ಸುಣ್ಣ ಸಾಲದು ಎಂದರ್ಥ. ಆಮೇಲಷ್ಟೇ ಕೊನೆಗೌಡ ಮರ ಹತ್ತುವುದು. ಡೇಟಾಬೇಸಿನವರಿಗೂ ಇಂಥ ಶಾಸ್ತ್ರ ಇದೆ: ಮೊದಲು ಬ್ಯಾಕಪ್, ಆಮೇಲೆ ಹತ್ತು ಸಾಲಿನ ಮೇಲೆ ಪ್ರಯೋಗ, ಎಷ್ಟು ಸಾಲು ಬದಲಾಯಿತೆಂದು ಎಣಿಕೆ, ಕೊನೆಗೆ ಕಮಿಟ್, ಅಂದರೆ ಬದಲಾವಣೆ ಕಾಯಂ. ಅದಕ್ಕೂ ಮೊದಲೇ ಎಡವಟ್ಟು ಕಂಡರೆ ರೋಲ್‌ಬ್ಯಾಕ್, ಅಂದರೆ ಎಲ್ಲ ಮೊದಲಿನಂತೆ. ಅಪ್‌ಡೇಟ್ ಆಜ್ಞೆಗೆ ಯಾವ ಸಾಲಿಗೆಂದು ಹೇಳುವ 'ವೇರ್' ಎಂಬ ಷರತ್ತು ಹಾಕಲು ಮರೆತರೆ ಪಟ್ಟಿಯಲ್ಲಿರುವ ಎಲ್ಲರಿಗೂ ಒಬ್ಬನೇ ಅಪ್ಪ ಆದಾನು. ಇದೆಲ್ಲ ತರಬೇತಿಯ ಪುಸ್ತಕದಲ್ಲಿದೆ, ಪುಸ್ತಕ ಕಪಾಟಿನಲ್ಲಿದೆ, ಕಪಾಟಿನ ಕೀಲಿಕೈ ಯಾರ ಹತ್ತಿರವೋ ಇದೆ.

ಕೆಳಗೆ ಕರಾವಳಿಯಲ್ಲೂ ಇದೇ ಯಂತ್ರದ ಸೇವೆ. ಅಂಕೋಲೆಯ ಮೀನು ಮಾರುವ ಅಕ್ಕನ ಬ್ಯಾಂಕ್ ಖಾತೆ ಸೊನ್ನೆಯಿಂದ ಶುರುವಾಗುತ್ತಿತ್ತು. ಎಡಗಡೆಯ ಸೊನ್ನೆಗೆ ಬೆಲೆಯಿಲ್ಲ ಎಂದು ಎಕ್ಸೆಲ್ ಅದನ್ನು ಕಿತ್ತೊಗೆಯಿತು. ಗಣಿತಕ್ಕೆ ಅದು ಸರಿ, ಬ್ಯಾಂಕಿಗೆ ಅಲ್ಲ. ಖಾತೆ ಸಂಖ್ಯೆ ಹದಿನೈದು ಅಂಕಿ ಮೀರಿದವರ ಪಾಡು ಇನ್ನೂ ಚಂದ: ಕಿತ್ತ ಸೊನ್ನೆಗಳಿಗೆ ಪರಿಹಾರವೋ ಎಂಬಂತೆ ಹದಿನಾರನೆಯ ಅಂಕಿಯಿಂದಾಚೆ ಎಲ್ಲವೂ ಸೊನ್ನೆ.

ಈಗ ತಿದ್ದುಪಡಿ. ಕೆಡಿಸುವಾಗ ಸಾವಿರಾರು ಹೆಸರು ಒಂದೇ ಏಟಿಗೆ; ಸರಿಪಡಿಸುವಾಗ ಒಬ್ಬೊಬ್ಬರೇ ಬರಬೇಕು. ಆಧಾರ್ ಜೆರಾಕ್ಸ್, ಪಹಣಿ, ಛಾಪಾ ಕಾಗದದ ಮೇಲೆ ನೋಟರಿ ಅಫಿಡವಿಟ್. 'ನನ್ನ ತೋಟವು ತಾರೀಖು ಅಲ್ಲವೆಂದು ದೇವರ ಸಾಕ್ಷಿಯಾಗಿ ಪ್ರಮಾಣ ಮಾಡುತ್ತೇನೆ.' ಬಾಟ್ ಅಫಿಡವಿಟ್ ಕೊಡಬೇಕಾಗಿಲ್ಲ, ಅದಕ್ಕೆ ಆಧಾರ್ ಇಲ್ಲ.

ಸಗಟಾಗಿ ಹಿಂದೆ ತರಲು ಬರುವುದಿಲ್ಲ ಎಂದಲ್ಲ. 2024ರ ನವೆಂಬರಿನಲ್ಲಿ ಬಿಪಿಎಲ್ ಕಾರ್ಡುಗಳು ಸಾಲುಸಾಲಾಗಿ ಎಪಿಎಲ್ ಆದಾಗ ರಾಜ್ಯವೆಲ್ಲ ಗಲಾಟೆ ಎದ್ದಿತು. ಅರ್ಹರ ಕಾರ್ಡು ವಾಪಸ್ ಕೊಡುತ್ತೇವೆಂದು ಸರ್ಕಾರವೇ ಹೇಳಿತು. ರೋಲ್‌ಬ್ಯಾಕ್ ಗುಂಡಿ ಇದೆ, ಬೊಬ್ಬೆಗೆ ಮಾತ್ರ ಒತ್ತಿಕೊಳ್ಳುತ್ತದೆ. ಅಡಿಕೆ ಸೀಮೆಯವರದ್ದು ಮೊದಲೇ ಸಣ್ಣ ದನಿ, ಬಾಯಲ್ಲಿ ಕವಳ ಬೇರೆ.

ಕಚೇರಿಯನ್ನೇ ದೂರುವುದೂ ನ್ಯಾಯವಲ್ಲ. ಮನುಷ್ಯನ ಕೆಲವು ಜೀನ್‌ಗಳ ಹೆಸರನ್ನು ಎಕ್ಸೆಲ್ ಮಾರ್ಚ್, ಸೆಪ್ಟೆಂಬರ್ ಎಂದು ತಿದ್ದುತ್ತಿದ್ದುದಕ್ಕೆ ಬೇಸತ್ತು, 2020ರ ಹೊತ್ತಿಗೆ ವಿಜ್ಞಾನಿಗಳು ಆ ಜೀನ್‌ಗಳ ಹೆಸರನ್ನೇ ಬದಲಿಸಿದರು. ಈ ಸುದ್ದಿ ನಮ್ಮ ಕಚೇರಿಗೂ ಮುಟ್ಟಿರಬೇಕು. ಸರ್ವೆ ನಂಬರ್ 118/4ರವರಿಗೆ ಪರಿಹಾರ ಜಮಾ ಆಗಿದೆ, ತಿಂಗಳಿಗೆ 118 ದಿನ ಇಲ್ಲವಲ್ಲ. ಹೆಗಡೇರಿಗೆ ಕೌಂಟರಿನಲ್ಲಿ ಸಿಕ್ಕ ಹಿತವಚನ: "ಮುಂದಿನ ಸಲ ತೋಟ ಮಾಡುವಾಗ 31 ದಾಟಿದ ಸರ್ವೆ ನಂಬರ್ ನೋಡಿ ಮಾಡಿ." ಅಂಥ ಜಾಗಕ್ಕೆ ದಲ್ಲಾಳಿಗಳು ಆಗಲೇ ರೇಟು ಏರಿಸಿದ್ದಾರಂತೆ.