ನಗೋದೇನಿತ್ತು ಅದ್ರಲ್ಲಿ?

ಬೆಳಿಗ್ಗೆಯಿಂದ ಇದೊಂದೇ ತಲೇಲಿ ಸುತ್ತುತ್ತಾ ಇದೆ. ಮಧ್ಯಾಹ್ನ ಊಟ ಸೇರಲಿಲ್ಲ, ಮಕ್ಕಳ ಪೇಪರ್ ತಿದ್ದೋಣ ಅಂತ ಕೂತ್ರೆ ಅಕ್ಷರ ಕಾಣಲ್ಲ, ಕಾರ್ ಶೋರೂಮಲ್ಲಿ ಗಾಡಿ ತೋರಿಸ್ತಿದ್ದ ಆ ಸೇಲ್ಸ್ ಹುಡುಗನ ಹಲ್ಲೇ ಕಾಣುತ್ತೆ. "ಅದಕ್ಕೇ ಮೇಡಂ ಈಗ ಎಲ್ರೂ ಎಸ್‌ಯುವಿ ತಗೊಳ್ಳೋದು" ಅಂದ. ಅಮ್ಮ ಇನ್ನೂ ಕಾರಲ್ಲೇ ಇದ್ಲು! ಒಂದು ಕಾಲು ಹೊರಗೆ, ಒಂದು ಕಾಲು ಒಳಗೆ, ಕೈಯಲ್ಲಿ ಹಿಡ್ಕೊಳ್ಳೋಕೆ ಏನೂ ಸಿಗದೆ ಗಾಳೀಲಿ ತಡಕಾಡ್ತಾ ಇದ್ಲು.

ತಮ್ಮನ ಎಸ್‌ಯುವಿ ಅನ್ನೋ ಎತ್ತರದ ಗಾಡೀಲಿ ಅಮ್ಮಂಗೆ ಹೋಗೋಕೆ ಆಗಲ್ಲ ಅಂತಾನೇ ಅಲ್ವಾ ನಾನು ಸೆಡಾನ್ ಅಂತ ಹಠ ಹಿಡಿದಿದ್ದು. ಮಣಿಪಾಲಕ್ಕೆ ಚೆಕಪ್‌ಗೆ ಅಂತ ಹೊರಟ್ರೆ ಆಗುಂಬೆ ಘಾಟಿ ಇಳೀಬೇಕು, 14 ತಿರುವು, ಅವನ ಗಾಡಿ ಒಂದೊಂದು ತಿರುವಿಗೂ ತೊಟ್ಟಿಲು ತೂಗಿದಂಗೆ ತೂಗುತ್ತೆ, ಅಮ್ಮ ಸೋಮೇಶ್ವರ ತಲುಪೋ ಹೊತ್ತಿಗೆ ಎರಡು ಸಲ ವಾಂತಿ ಮಾಡ್ಕೊಂಡಿರ್ತಾಳೆ. ಹತ್ತಿಸೋಕೆ ಒಬ್ರು ಹಿಂದಿನಿಂದ ಎತ್ತಿ ಕೊಡ್ಬೇಕು. ವಾಪಸ್ ಬರುವಾಗ ಹಲಸಿನ ಹಣ್ಣು ತಂದ್ರೆ ಗಾಡಿ ಪೂರ್ತಿ ವಾಸನೆ, ಅದಕ್ಕೆ ಮತ್ತೆ ಹೊಟ್ಟೆ ತೊಳಸುತ್ತೆ. ಸೆಡಾನ್ ಆದ್ರೆ ಡಿಕ್ಕಿ ಬೇರೆ, ಹಣ್ಣು ಅದರ ಪಾಡಿಗೆ ಹಿಂದೆ ಬಿದ್ದಿರುತ್ತೆ, ಅಮ್ಮ ಹಿಡ್ಕೊಂಡು ನಡೆಯೋ ವಾಕರ್ ಕೂಡ ಅಲ್ಲೇ. ಇದನ್ನೆಲ್ಲ ಆ ಹುಡುಗನಿಗೆ ಹೇಳಿದ್ದೆ. ಹೇಳಿದ್ದೆ ನಾನು, ಅವನು ತಲೆಯಾಡಿಸಿದ್ದು ನನ್ನ ತಮ್ಮನ ಕಡೆ ನೋಡಿ. ಗ್ರೌಂಡ್ ಕ್ಲಿಯರೆನ್ಸ್, ಅಂದ್ರೆ ನೆಲದಿಂದ ಗಾಡಿ ಹೊಟ್ಟೆಗೆ ಅಂತರ, ಎಷ್ಟು, ಐದು ಜನ ಕೂತ್ರೆ ನಮ್ಮೂರ ಹಂಪ್‌ಗೆ ಹೊಟ್ಟೆ ತಾಗುತ್ತಾ ಅಂತ ಕೇಳಿದ್ರೆ ಉತ್ತರ ತಮ್ಮನಿಗೆ, ನನಗೆ "ಮೇಡಂ ಕಲರ್ ಯಾವುದು ನೋಡಿದ್ರಿ?" ಹನ್ನೆರಡು ವರ್ಷದಿಂದ ಗಾಡಿ ಓಡಿಸ್ತಿರೋಳು ನಾನು, ದುಡ್ಡು ನಂದು, ಸಾಲ ನನ್ನ ಸಂಬಳದ ಮೇಲೆ.

ಅದನ್ನಾದ್ರೂ ಬಿಡ್ತೀನಿ, ಅಭ್ಯಾಸ ಆಗಿದೆ. ಬಿಡೋಕೆ ಆಗದೇ ಇರೋದು ಚಪ್ಪಲಿ.

ಅಮ್ಮ ಕೂರೋಕೆ ಮುಂಚೆ ಚಪ್ಪಲಿ ಬಾಗಿಲ ಹತ್ರ ಬಿಟ್ಲು. ಹೊಸ ಗಾಡಿ, ಕೊಳೆ ಆಗುತ್ತೆ ಅಂತ. ಬೇಡಮ್ಮಾ ಹಾಕ್ಕೊಂಡೇ ಕೂತ್ಕೋ ಅಂದ್ರೂ ಕೇಳಲಿಲ್ಲ. ಕೂತ್ಲು, ಚೆನ್ನಾಗೇ ಕೂತ್ಲು, "ಸೋಫಾ ಇದ್ದಂಗಿದೆ ಕಣೇ" ಅಂತ ಕೈಯಲ್ಲಿ ಸೀಟು ಸವರಿದ್ಲು, ಎಷ್ಟು ಖುಷಿ ಆಯ್ತು ನಂಗೆ. ಆಮೇಲೆ ಏಳೋಕೆ ಹೋದ್ಲು. ಸೀಟು ತಗ್ಗು, ಮೊಣಕಾಲು ಆಪರೇಶನ್ ಆದ್ಮೇಲೆ ಎಡಗಾಲು ಪೂರ್ತಿ ಮಡಚಲ್ಲ, ಮೇಲುಗಡೆ ಹಿಂದಕ್ಕೆ ಇಳಿಜಾರಾಗಿ ಬರುತ್ತಲ್ಲ ರೂಫು, ಅದು ನೆತ್ತಿಗೆ ಹೊಡೀತು. ಇನ್ನೊಂದು ಸಲ ಪ್ರಯತ್ನ ಪಟ್ಲು. ಮತ್ತೊಂದು ಸಲ. ನಾನು ಆ ಕಡೆಯಿಂದ ಓಡಿ ಬಂದು ಎರಡೂ ಕೈ ಹಿಡಿದು ಎಳೀತಾ ಇದ್ದೀನಿ, ಸೆರಗು ಸೀಟ್‌ಬೆಲ್ಟ್ ಬಕಲ್‌ಗೆ ಸಿಕ್ಕಿದೆ, ಆಗ ಆ ಮಾತು ಬಂದಿದ್ದು, ಪಕ್ಕದಲ್ಲಿದ್ದ ಇನ್ನೊಬ್ಬ ಹುಡುಗನ ಮುಖ ನೋಡ್ಕೊಂಡು, ನಕ್ಕೊಂಡು. ಅಮ್ಮ ಎದ್ದು ನಿಂತು ಕಾಲಲ್ಲೇ ಚಪ್ಪಲಿ ಹುಡುಕಿದ್ಲು, ಒಂದು ಸಿಕ್ತು, ಇನ್ನೊಂದು ಕಾರಿನ ಕೆಳಗೆ ಹೋಗಿತ್ತು. ಅವನು ಬೂಟಿನ ತುದಿಯಿಂದ ಅದನ್ನ ಈಚೆ ತಳ್ಳಿದ. ಬಗ್ಗಲಿಲ್ಲ. ನಾನು ಬಗ್ಗಿ ಎತ್ತೋಣ ಅನ್ನೋಷ್ಟರಲ್ಲಿ ಬೂಟಲ್ಲಿ ತಳ್ಳಿಬಿಟ್ಟ, ಬಾಲ್ ತಳ್ಳಿದಂಗೆ. ಅಮ್ಮ ಅವನಿಗೆ "ಪಾಪ, ಒಳ್ಳೇದಾಗ್ಲಿ ಮಗಾ" ಅಂದ್ಲು.

ನಾನೇನು ಮಾಡ್ದೆ? ಕೊಟೇಶನ್ ಶೀಟ್ ಮಡಚಿ ಬ್ಯಾಗಿಗೆ ಹಾಕ್ಕೊಂಡು ಥ್ಯಾಂಕ್ಸ್ ಅಂದು ಬಂದೆ. ಥ್ಯಾಂಕ್ಸ್ ಅಂದೆ ನಾನು!

ಅವನು ಹೇಳಿದ್ದು ತಪ್ಪಲ್ಲ ಅನ್ನೋದು ಇನ್ನೊಂದು ಸಂಕಟ. ಸೀಟು ತಗ್ಗು ಇರೋದು ನಿಜ. ಮೂರು ತಿಂಗಳಿಂದ ನೋಡ್ತಾ ಇದ್ದೀನಿ, ಹೋಂಡಾ ಸಿಟಿ, ವರ್ನಾ, ವರ್ಟಸ್, ಸ್ಲಾವಿಯಾ, ಎಲ್ಲಾ ಸೆಡಾನ್‌ಗಳೇ, ಹಿಂದಿನ ಸೀಟು ವಿಶಾಲ, ಡಿಕ್ಕಿ ಎಲ್ಲದರದ್ದೂ 500 ಲೀಟರ್ ಮೇಲೆ, ಆದ್ರೆ ಎಲ್ಲಾ ನೆಲಕ್ಕೆ ಹತ್ರ. ಮಾರುತಿ ಸಿಯಾಜ್‌ನ ಹಿಂದಿನ ಸೀಟು ಚೆನ್ನಾಗಿದೆ ಅಂತ ಆಸೆ ಇಟ್ಕೊಂಡಿದ್ದೆ, ದುಡ್ಡು ಹೊಂದಿಸೋ ಅಷ್ಟರಲ್ಲಿ 2025ರಲ್ಲಿ ಅದನ್ನ ಮಾಡೋದೇ ನಿಂತು ಹೋಯ್ತು. ಡಿಸೈರ್ ಅಥವಾ ಅಮೇಜ್ ಸಾಕು ಅಂದ್ರೆ ಅವು ನಾಲ್ಕು ಮೀಟರ್ ಒಳಗೆ ಕೂರಿಸಿದ ಗಾಡಿ, ಡಿಸೈರ್ 3995 ಮಿಲಿಮೀಟರ್, ಡಿಕ್ಕಿ 382 ಲೀಟರ್, ಸಿಎನ್‌ಜಿ ತಗೊಂಡ್ರೆ ಸಿಲಿಂಡರೇ ಅದನ್ನ ತಿನ್ನುತ್ತೆ, ವಾಕರ್ ಎಲ್ಲಿ ಇಡ್ಲಿ? ಉದ್ದದ್ದು ತಗೋಳ್ಳೋಣ ಅಂದ್ರೆ 2025ರ ಸೆಪ್ಟೆಂಬರ್ 22ರಿಂದ ಸಣ್ಣ ಗಾಡಿಗೆ ಜಿಎಸ್‌ಟಿ 18 ಪರ್ಸೆಂಟ್, ನಾಲ್ಕು ಮೀಟರ್ ದಾಟಿದ ತಕ್ಷಣ 40. ಅದರ ಮೇಲೆ ನಮ್ಮ ಕರ್ನಾಟಕದ ಲೈಫ್‌ಟೈಮ್ ಟ್ಯಾಕ್ಸ್, ಐದರಿಂದ ಹತ್ತು ಲಕ್ಷದವರೆಗೆ 14, ಹತ್ತು ದಾಟಿದ್ರೆ 17, ಆ ಟ್ಯಾಕ್ಸ್ ಮೇಲೆ ಮತ್ತೆ 11 ಪರ್ಸೆಂಟ್ ಸೆಸ್. ಹನ್ನೆರಡು ಲಕ್ಷದ ಗಾಡಿಗೆ ಬರೀ ಇದೇ 2,26,440 ರೂಪಾಯಿ, ನಾನೇ ಕೂತು ಲೆಕ್ಕ ಹಾಕಿದ್ದು. ಇನ್ಶೂರೆನ್ಸ್ ಹೊರಗಡೆ ಮಾಡಿಸ್ತೀನಿ ಅಂದಾಗ ಅವನ ಮುಖ ಹುಳಿ ಆಗಿದ್ದು ಬೇರೆ ಕಥೆ, ನಮ್ಮಿಷ್ಟ ಬಂದ ಕಡೆ ಮಾಡಿಸೋ ಹಕ್ಕಿದೆ ನಮಗೆ, ಯಾರೂ ಬಿಟ್ಟುಕೊಡ್ಬೇಡಿ.

ಇಷ್ಟೆಲ್ಲಾ ಕೊಟ್ಟು ಅಮ್ಮಂಗೆ ಏಳೋಕಾಗದ ಗಾಡಿ ತರೋದಾ? ಬೇಡ, ತರಲ್ಲ. ಇಲ್ಲ, ತರ್ತೀನಿ, ಬೇರೆ ಊರಿಗೆ ಹೋಗಿ ತರ್ತೀನಿ. ಗೊತ್ತಾಗ್ತಿಲ್ಲ ನಂಗೆ.

ವಾಪಸ್ ಬರುವಾಗ ನಮ್ಮ ಹಳೇ ಗಾಡೀಲಿ ಅಮ್ಮ ಮುಂದಿನ ಸೀಟಲ್ಲಿ ಕೂತಿದ್ಲು. ಇಳಿಯೋವಾಗ ಡ್ಯಾಶ್‌ಬೋರ್ಡ್ ಒತ್ತಿ ಹಿಡ್ಕೊಂಡು ಒಂದೇ ಸಲಕ್ಕೆ ಎದ್ಲು. "ನೋಡು, ಇದೇ ಸಾಕು. ಸುಮ್ನೆ ಯಾಕೆ ಸಾಲ" ಅಂದ್ಲು. ಅವಳಿಗೆ ನಕ್ಕಿದ್ದು ಕೇಳಿಸಿದೆ, ನಂಗೊತ್ತು. ಚಪ್ಪಲಿ ತಳ್ಳಿದ್ದೂ ನೋಡಿದ್ದಾಳೆ.

ಸಂಜೆ ಅದೇ ಹುಡುಗ ಫೋನ್ ಮಾಡಿದ್ದ, ತಮ್ಮನ ನಂಬರಿಗೆ, ಆಫರ್ ತಿಂಗಳ ಕೊನೆವರೆಗೆ ಮಾತ್ರ ಅಂತ.

ಮನೇಲಿ ಮೊಣಕಾಲು ಆಪರೇಶನ್ ಆದೋರು ಇರೋರು ಯಾರಾದ್ರೂ ಇದ್ರೆ ದಯವಿಟ್ಟು ಹೇಳಿ, ಯಾವ ಸೆಡಾನ್‌ನ ಹಿಂದಿನ ಸೀಟಿಂದ ಅವರು ತಾವಾಗೇ ಎದ್ದು ಇಳೀತಾರೆ? ಮೈಲೇಜ್ ಹೇಳ್ಬೇಡಿ, ಸನ್‌ರೂಫ್ ಹೇಳ್ಬೇಡಿ, ಎಸ್‌ಯುವಿ ತಗೊಳ್ಳಿ ಅಂತಂತೂ ಹೇಳ್ಲೇಬೇಡಿ. ಕೂತು ಎದ್ದು ನೋಡಿದೋರು ಮಾತ್ರ ಹೇಳಿ.