ಎರಡಿಂಚಿನ ಏಳಿಗೆ

ನಮ್ಮ ಹಳೆ ಪಿಕಪ್ ಕೆಟ್ಟು ನಿಂತಾಗ ತಳ್ಳೋಕೆ ಕರೆದರೆ ಎಲ್ಲರಿಗೂ ಸೊಂಟ ನೋವು. ಅದನ್ನು ಸ್ವಲ್ಪ ಲಿಫ್ಟ್ ಮಾಡಿಸಬೇಕು, ನೆಲದಿಂದ ಇನ್ನಷ್ಟು ಎತ್ತರಿಸಬೇಕು ಅಂತಿದ್ದೀನಿ ಎಂದು ಬಾಯಿ ಬಿಟ್ಟ ದಿನ ಅವೇ ಸೊಂಟಗಳು ನೆಟ್ಟಗಾಗಿ ಮನೆ ಮುಂದೆ ಬಂದು ನಿಂತವು. ಒಬ್ಬೊಬ್ಬರ ಬಾಯಲ್ಲೂ ಒಂದೊಂದು ಅಳತೆ. ತಂಗಿ ಮಗ ಆರು ಇಂಚಿಗಿಂತ ಕಮ್ಮಿ ಮಾತೇ ಆಡಲಿಲ್ಲ. ಗೆಳೆಯನೊಬ್ಬ ಚೌಕಾಸಿ ಮಾಡಿ ನಾಲ್ಕಕ್ಕೆ ಇಳಿಸಿದ. ಹೆಂಡತಿ ಮಾತ್ರ, 'ಈಗಲೇ ಹತ್ತೋಕೆ ಕಷ್ಟ. ಎರಡು ಇಂಚು ಇಳಿಸೋ ಕಿಟ್ ಸಿಗಲ್ವಾ?' ಎಂದು ಕೇಳಿದಳು. ಸಿಗುತ್ತದೆ, ಅದಕ್ಕೂ ಕಿಟ್ ಇದೆ. ನಾನು ಹೇಳಲಿಲ್ಲ.

ನನ್ನ ಆಸೆ ದೊಡ್ಡದೇನಲ್ಲ. ಮಣ್ಣು ರಸ್ತೆಯ ನಡುದಿಣ್ಣೆಗೆ ಗಾಡಿಯ ಹೊಟ್ಟೆ ಉಜ್ಜುತ್ತಿತ್ತು. ಸೈಲೆನ್ಸರ್ ಪೈಪು ಪ್ರತಿ ಸಲವೂ ಕರ್ರ್ ಎಂದು ಹಲ್ಲು ಕಡಿಯುತ್ತಿತ್ತು. ಆ ಸದ್ದು ನಿಂತರೆ ಸಾಕಿತ್ತು. ಆದರೆ ಸಲಹೆ ಕೊಡುವವರಿಗೆ ನಮ್ಮ ಆಸೆ ಎಷ್ಟು ಸಣ್ಣದು ಅನ್ನೋದು ಮುಖ್ಯ ಅಲ್ಲ. ಅವರವರು ಏನು ಹಾಕಿಸಿದ್ದಾರೋ ಅದನ್ನೇ ನಾವೂ ಹಾಕಿಸಬೇಕು. ಹಾಕಿಸಿ ಪಶ್ಚಾತ್ತಾಪ ಪಟ್ಟವರಂತೂ ಇನ್ನೂ ಜೋರಾಗಿ ಹೇಳುತ್ತಾರೆ. ಒಬ್ಬರೇ ಅನುಭವಿಸೋಕೆ ಬೇಜಾರು, ಅಲ್ವಾ?

ಮೊದಲು ಬಂದದ್ದು ಬಾಡಿ ಲಿಫ್ಟ್ ಪಂಥದವನು. ಗಾಡಿಯ ತಳದ ಚೌಕಟ್ಟಾದ ಚಾಸಿ ಎಲ್ಲಿದೆಯೋ ಅಲ್ಲೇ ಇರುತ್ತದೆ, ಅದಕ್ಕೂ ಚಕ್ರಕ್ಕೂ ನಡುವಿನ ಸ್ಪ್ರಿಂಗು, ಅಂದರೆ ಸಸ್ಪೆನ್ಷನ್, ಮುಟ್ಟುವುದೇ ಬೇಡ. ಬಾಡಿಗೂ ಚಾಸಿಗೂ ನಡುವೆ ಒಂದರಿಂದ ಮೂರು ಇಂಚಿನ ಬಿಲ್ಲೆ ಇಟ್ಟು ಉದ್ದ ಬೋಲ್ಟ್ ಹಾಕಿದರೆ ಮುಗಿಯಿತು. ಅಗ್ಗ, ಸುಲಭ, ಓಡಿಸೋಕೆ ಮೊದಲಿನ ಹಾಗೇ ಇರುತ್ತದೆ ಅಂದ. ಸರಿ ಅಂತ ಅವನ ಗಾಡಿ ನೋಡೋಕೆ ಹೋದೆ. ಪ್ಯಾಂಟ್ ಮಡಚಿಕೊಂಡು ನೀರಿಗಿಳಿದವರ ಹಾಗೆ ನಿಂತಿತ್ತು. ಬಾಡಿ ಮೇಲೆ, ಬಂಪರ್ ಕೆಳಗೆ, ನಡುವೆ ಇಡೀ ಚಾಸಿ ಬಟಾಬಯಲು. ರೇಡಿಯೇಟರ್ ಬಾಡಿಯ ಜೊತೆ ಮೇಲೆ ಹೋಗಿತ್ತು, ಫ್ಯಾನ್ ಇಂಜಿನ್ ಜೊತೆ ಕೆಳಗೇ ಉಳಿದಿತ್ತು. ಹಾಗಾಗಿ ಫ್ಯಾನಿನ ಸುತ್ತ ಇರುವ ಪ್ಲಾಸ್ಟಿಕ್ ಕವಚವನ್ನು ಕತ್ತರಿಸಿದ್ದ. ಗೇರ್ ಲಿವರ್ ಗಿಡ್ಡವಾಗಿತ್ತು. ಡೀಸೆಲ್ ಹಾಕುವ ಕೊಳವೆ ಜಗ್ಗಿ ಜಗ್ಗಿ ನಿಂತಿತ್ತು. ಇಷ್ಟಾದರೂ ಕೆಳಗೆ ಉಜ್ಜುವ ಸೈಲೆನ್ಸರ್ ಪೈಪು ಒಂದು ಕೂದಲೆಳೆಯಷ್ಟೂ ಮೇಲೆ ಹೋಗಿರಲಿಲ್ಲ, ಯಾಕಂದರೆ ಅದು ನೇತಾಡುವುದು ಚಾಸಿಗೆ. ದೊಡ್ಡ ಟೈರಿಗೆ ಜಾಗ ಬೇಕು ಅನ್ನುವವರಿಗೆ ಬಾಡಿ ಲಿಫ್ಟ್ ಸರಿ. ನನ್ನ ತಾಪತ್ರಯ ಅದಲ್ಲ.

ಇನ್ನೊಬ್ಬ ಟಾರ್ಷನ್ ಬಾರ್ ಗೆಳೆಯ. ನಮ್ಮ ಗಾಡಿಗೆ ಹಿಂದೆ ಉಕ್ಕಿನ ಪಟ್ಟಿಗಳನ್ನು ಜೋಡಿಸಿದ ಲೀಫ್ ಸ್ಪ್ರಿಂಗ್, ಮುಂದೆ ಟಾರ್ಷನ್ ಬಾರ್. ಒಂದೇ ಹೆಸರಿನ ಗಾಡಿಯಾದರೂ ಇದು ಮಾಡೆಲ್ ವರ್ಷದ ಮೇಲೆ ಬದಲಾಗುತ್ತದೆ. ಅಮೆರಿಕದಲ್ಲಿ ಮಾರಿದ ಟೊಯೋಟಾ ಫೋರ್ ವೀಲ್ ಡ್ರೈವ್ ಪಿಕಪ್ಪಿಗೆ 1985ರ ಮಾಡೆಲ್‌ವರೆಗೆ ಮುಂದೆಯೂ ಎರಡು ಚಕ್ರಕ್ಕೂ ಸೇರಿ ಒಂದೇ ಗಟ್ಟಿ ಆಕ್ಸಲ್, ಲೀಫ್ ಸ್ಪ್ರಿಂಗ್. 1986ರಿಂದ ಟಾರ್ಷನ್ ಬಾರ್. ಆ ಒಂದು ವರ್ಷದ ವ್ಯತ್ಯಾಸಕ್ಕೆ ಕಿಟ್ಟೇ ಬೇರೆ. ಗಾಡಿ ಹೆಸರು ಹೇಳಿ ಕಿಟ್ ತರಿಸಿಕೊಂಡು, ಪೆಟ್ಟಿಗೆ ಬಿಚ್ಚಿ, ನಮ್ಮ ಗಾಡಿಯಲ್ಲಿ ಇಲ್ಲದ ಭಾಗಕ್ಕೆ ಹಾಕುವ ಸಾಮಾನು ಕೈಯಲ್ಲಿ ಹಿಡಿದುಕೊಂಡು ನಿಂತವರನ್ನು ನಾನು ಬಲ್ಲೆ.

ಟಾರ್ಷನ್ ಬಾರ್ ಅಂದರೆ ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಉಕ್ಕಿನ ಸರಳು. ಅದರ ತುದಿಯಲ್ಲೊಂದು ಬೋಲ್ಟ್ ಇರುತ್ತದೆ. ಬಿಗಿ ಮಾಡಿದರೆ ಗಾಡಿಯ ಮೂತಿ ಮೇಲೇಳುತ್ತದೆ. 'ಕಿಟ್ಟೂ ಬೇಡ ಏನೂ ಬೇಡ, ಪುಕ್ಕಟೆ ಲಿಫ್ಟ್' ಅಂದ ಗೆಳೆಯ. ನಾನು ತಾಳಪ್ಪ ಅನ್ನುವಷ್ಟರಲ್ಲಿ ಪಾನಾ ಹಿಡಿದು ಗಾಡಿ ಕೆಳಗೆ ತೂರಿದ್ದ. ಕಾಲು ಮಾತ್ರ ಹೊರಗೆ. ಮೂತಿ ಎದ್ದಿತು. ಎದ್ದ ಮೂತಿ ಸೊಗಸಾಗಿಯೇ ಇತ್ತು. ಓಡಿಸಿದಾಗ ಪ್ರತಿ ಗುಂಡಿಗೂ ಕೆಳಗಿನಿಂದ ಟಣ್ ಎಂಬ ಸದ್ದು. ಅತ್ತೆಯವರು ಪಕ್ಕದಲ್ಲಿ ಕೂತಿದ್ದರು. ಅವರ ಕನ್ನಡಕ ಮೂಗಿನ ತುದಿಗೆ ಬಂತು, ಆಮೇಲೆ ಮಡಿಲಿಗೆ ಬಂತು. 'ಇದಕ್ಕೆ ದುಡ್ಡು ಕೊಟ್ಟು ಮಾಡಿಸಿದಿರಾ?' ಎಂದು ಕೇಳಿದರು. ಇಲ್ಲ, ಪುಕ್ಕಟೆ ಅಂದೆ. 'ಅದಕ್ಕೇ' ಅಂದರು.

ಆ ಟಣ್ ಯಾಕೆ ಬಂತು ಅಂದರೆ, ಬೋಲ್ಟ್ ಬಿಗಿ ಮಾಡಿದರೆ ಸರಳೇನೂ ಉದ್ದ ಆಗಲ್ಲ, ಗಟ್ಟಿಯೂ ಆಗಲ್ಲ. ಚಕ್ರಕ್ಕೆ ಮೇಲೆ ಕೆಳಗೆ ಆಡೋಕೆ ಇರುವ ಜಾಗ ಮೊದಲಿನಷ್ಟೇ. ಗಾಡಿ ಎತ್ತರದಲ್ಲಿ ನಿಂತರೆ ಚಕ್ರ ಕೆಳಗಿಳಿಯುವ ಜಾಗ ಖಾಲಿಯಾಗುತ್ತದೆ. ಗುಂಡಿ ಬಂದಾಗ ಇಳಿಯೋಕೆ ಹೋಗುತ್ತದೆ, ಚಕ್ರವನ್ನು ಹಿಡಿದಿರುವ ಮೇಲಿನ ಆರ್ಮ್ ತಡೆಗೆ ಬಡಿಯುತ್ತದೆ. ಅದರ ಜೊತೆಗೆ ಬಾಲ್ ಜಾಯಿಂಟ್ ಓರೆ, ಮುಂದಿನ ಆಕ್ಸಲ್ಲಿನ ಸಿವಿ ಜಾಯಿಂಟ್ ಓರೆ, ಟೋ, ಕ್ಯಾಂಬರ್ ಅನ್ನುವ ಚಕ್ರದ ಕೋನಗಳೂ ಓರೆ. ಅಲೈನ್‌ಮೆಂಟ್ ಮಾಡಿಸದೆ ಹಾಗೇ ಓಡಿಸಿದರೆ ಟೈರು ಒಂದು ಕಡೆ ಮಾತ್ರ ಸವೆಯುತ್ತದೆ. ಪುಕ್ಕಟೆ ಲಿಫ್ಟಿನ ಬಿಲ್ಲು ಟೈರ್ ಅಂಗಡಿಯಲ್ಲಿ ಬರುತ್ತದೆ.

ಇಷ್ಟಾದ ಮೇಲೆ ಗಾಡಿ ಮೆಕ್ಯಾನಿಕ್ ಹತ್ತಿರ ಹೋಯಿತು. ಮಾತು ಕಮ್ಮಿಯ ಮನುಷ್ಯ. ಎಷ್ಟು ಇಂಚು ಬೇಕು ಅಂತ ಕೇಳಲೇ ಇಲ್ಲ. ಜೇಬಿನಿಂದ ಟೇಪ್ ತೆಗೆದು ಚಕ್ರದ ನಟ್ಟನಡುವಿನಿಂದ ಫೆಂಡರಿನ ಅಂಚಿನವರೆಗೆ ಅಳೆದರು. ನೆಲದಿಂದ ಅಳೆದರೆ ಟೈರಿನ ಗಾಳಿ, ಸವೆತ ಎಲ್ಲ ಲೆಕ್ಕಕ್ಕೆ ಸೇರುತ್ತದಂತೆ. ಹೀಗೆ ಅಳೆದರೆ ಸಸ್ಪೆನ್ಷನ್ ಕಥೆ ಮಾತ್ರ ಗೊತ್ತಾಗುತ್ತದೆ. ನಾಲ್ಕೂ ಮೂಲೆಯ ಅಳತೆಯನ್ನು ಫೆಂಡರಿನ ಧೂಳಿನ ಮೇಲೆ ಬೆರಳಲ್ಲೇ ಬರೆದರು. ಹಿಂದಿನ ಎಡ ಮೂಲೆ ಬಲಕ್ಕಿಂತ ಒಂದೂವರೆ ಇಂಚು ಕೆಳಗಿತ್ತು. ಬಾಗಿ ಕಮಾನಿನ ಹಾಗಿರಬೇಕಾದ ಸ್ಪ್ರಿಂಗ್ ಪಟ್ಟಿಗಳು, ಮೇಲೆ ಭಾರವೇ ಇಲ್ಲದಾಗಲೂ ಸಪಾಟಾಗಿ ಮಲಗಿದ್ದವು. ಅವರು ಟೇಪ್ ಮಡಚಿ, 'ಇದನ್ನ ಎತ್ತೋದು ಆಮೇಲೆ. ಮೊದಲು ಎದ್ದು ನಿಲ್ಲಲಿ' ಅಂದರು.

ಇದನ್ನು ಮಾತ್ರ ಅಷ್ಟು ಜನ ಸಲಹೆಗಾರರಲ್ಲಿ ಒಬ್ಬರೂ ಹೇಳಿರಲಿಲ್ಲ. ಎರಡು ಇಂಚಿನ ಕಿಟ್, ನಾಲ್ಕು ಇಂಚಿನ ಕಿಟ್ ಅನ್ನುವುದೆಲ್ಲ ಗಾಡಿ ಹೊಸದಾಗಿ ಫ್ಯಾಕ್ಟರಿಯಿಂದ ಬಂದಾಗ ಎಷ್ಟು ಎತ್ತರ ಇತ್ತೋ ಅದರ ಮೇಲಿನ ಲೆಕ್ಕ. ವರ್ಷಗಟ್ಟಲೆ ಭಾರ ಹೊತ್ತು ಕುಸಿದ ಗಾಡಿಗೆ ಹೊಸ ಸ್ಪ್ರಿಂಗ್ ಹಾಕಿದರೆ ಹಳೆ ಎತ್ತರ ವಾಪಸ್ ಬರುವುದೇ ಅರ್ಧ ಲಿಫ್ಟ್. ಹಳೆ ಪಟ್ಟಿಗಳನ್ನೇ ಇಟ್ಟುಕೊಂಡು ಅದರ ನಡುವೆ ಒಂದು ಹೊಸ ಪಟ್ಟಿ ಸೇರಿಸುವ ಉಪಾಯವೂ ಇದೆ. ಎತ್ತರ ಬರುತ್ತದೆ, ಆದರೆ ಸೋತ ಪಟ್ಟಿಗಳ ಪಾಲಿನ ಕೆಲಸವನ್ನೂ ಹೊಸದೊಂದೇ ಮಾಡಬೇಕು. ಗಾಡಿ ಖಾಲಿ ಇದ್ದಾಗ ಸವಾರಿ ಕಲ್ಲು. ಎತ್ತರ ಎಷ್ಟು ಬರುತ್ತದೆ ಅನ್ನುವುದೂ ಹಾಕಿ ನೋಡಿದ ಮೇಲೇ ಗೊತ್ತು.

ತಂಗಿ ಮಗ ಬಿಡಲಿಲ್ಲ. 'ಮಾವ, ಬ್ಲಾಕ್ ಹಾಕಿಸಿ' ಅಂದ. ಆಕ್ಸಲ್ ಮತ್ತು ಸ್ಪ್ರಿಂಗ್ ನಡುವೆ ಇಡುವ ಲೋಹದ ತುಂಡು ಅದು. ಹಿಂದಕ್ಕೆ, ಸಣ್ಣದಾದರೆ, ನಡೆಯುತ್ತದೆ. ಮುಂದಿನ ಆಕ್ಸಲ್ಲಿಗೆ ಇಡುವ ಹಾಗಿಲ್ಲ, ಬ್ರೇಕ್ ಹಾಕಿದಾಗ ಸರಿದರೆ ಸ್ಟಿಯರಿಂಗ್ ಕಥೆ ಮುಗಿಯಿತು. ಒಂದರ ಮೇಲೊಂದು ಪೇರಿಸುವ ಹಾಗಂತೂ ಇಲ್ಲವೇ ಇಲ್ಲ. ಬ್ಲಾಕ್ ಎತ್ತರವಾದಷ್ಟೂ, ಜೋರಾಗಿ ಎಕ್ಸಲರೇಟರ್ ಒತ್ತಿದಾಗ ಆಕ್ಸಲ್ ತಿರುಚಿಕೊಂಡು ಸ್ಪ್ರಿಂಗನ್ನು ಸೊಟ್ಟ ಮಾಡುತ್ತದೆ. ಪಕ್ಕದಲ್ಲಿದ್ದ ಒಬ್ಬರು, 'ಮರದ ತುಂಡು ಇಟ್ಟರೆ ಆಗಲ್ವಾ?' ಎಂದು ಕೇಳಿದರು. ತಮಾಷೆಗಲ್ಲ. ಅವರು ಯಾವ ಗಾಡಿ ಓಡಿಸುತ್ತಾರೆ ಅಂತ ನೋಡಿಟ್ಟುಕೊಂಡಿದ್ದೇನೆ. ರಸ್ತೆಯಲ್ಲಿ ಕಂಡರೆ ಪಕ್ಕಕ್ಕೆ ಸರಿಯೋಕೆ.

ಉದ್ದ ಶ್ಯಾಕಲ್ ಹಾಕೋಣ ಅನ್ನುವ ಮಾತೂ ಬಂತು. ಸ್ಪ್ರಿಂಗಿನ ಹಿಂದಿನ ತುದಿಯನ್ನು ಚಾಸಿಗೆ ಹಿಡಿಯುವ ಜೋಡಿ ಪಟ್ಟಿ ಅದು. ಎರಡು ಇಂಚು ಉದ್ದದ್ದು ಹಾಕಿದರೆ ಗಾಡಿ ಏಳುವುದು ಸುಮಾರು ಒಂದೇ ಇಂಚು, ಸ್ಪ್ರಿಂಗಿನ ಇನ್ನೊಂದು ತುದಿ ಇದ್ದಲ್ಲೇ ಇರುತ್ತದಲ್ಲ. ಜೊತೆಗೆ ಹಿಂದಿನ ಆಕ್ಸಲ್ ನಡುವಿನ ಗುಂಡು, ಅಂದರೆ ಡಿಫರೆನ್ಷಿಯಲ್ಲಿನ ಮೂತಿ ಮೇಲಕ್ಕೆ ತಿರುಗಿ, ಇಂಜಿನ್ನಿನ ಶಕ್ತಿಯನ್ನು ಅದಕ್ಕೆ ತರುವ ಪ್ರೊಪೆಲ್ಲರ್ ಶಾಫ್ಟಿನ ಕೋನ ಕೆಡುತ್ತದೆ. ಬಿಟ್ಟುಬಿಟ್ಟೆವು.

ಕೊನೆಗೆ ಎರಡು ಇಂಚು ಎತ್ತುವ ಹೊಸ ಲೀಫ್ ಸ್ಪ್ರಿಂಗ್, ಅದರ ತುದಿಗೆ ಹೊಸ ರಬ್ಬರ್ ಬುಷ್, ಸ್ಪ್ರಿಂಗನ್ನು ಆಕ್ಸಲ್ಲಿಗೆ ಬಿಗಿಯುವ ಹೊಸ ಯು ಬೋಲ್ಟ್, ಅದಕ್ಕೆ ಸರಿಹೊಂದುವ ಉದ್ದದ ಶಾಕ್ ಅಬ್ಸಾರ್ಬರ್. ಮುಂದೆ ಟಾರ್ಷನ್ ಬಾರನ್ನು ಟಣ್ ಅನ್ನದಷ್ಟಕ್ಕೆ ಇಳಿಸುವುದು. ಯು ಬೋಲ್ಟ್ ಹಳೇದೇ ಇರಲಿ ಅಂದವರಿಗೆ ಮೆಕ್ಯಾನಿಕ್ ಉತ್ತರ ಕೊಡಲಿಲ್ಲ, ಸುಮ್ನೆ ನೋಡಿದರು. ಒಮ್ಮೆ ಬಿಗಿದಾಗ ಎಳೆದುಕೊಂಡ ಬೋಲ್ಟನ್ನು ಮತ್ತೆ ನಂಬಬಾರದಂತೆ.

ಬಿಚ್ಚುವ ದಿನದ ನಾಯಕ ಶ್ಯಾಕಲ್ ಬೋಲ್ಟ್. ನಟ್ ಬಂತು. ಬೋಲ್ಟಿಗೆ ಪಾನಾ ಹಾಕಿ, ಪಾನಾಕ್ಕೆ ಉದ್ದ ಪೈಪು ತೊಡಿಸಿ, ಇಬ್ಬರು ಜೋತುಬಿದ್ದರು. ಬೋಲ್ಟ್ ಕಾಲು ಸುತ್ತು ತಿರುಗಿತು. ಎಲ್ಲರಿಗೂ ಖುಷಿ. ಕೈ ಬಿಟ್ಟ ಕೂಡಲೇ ಮೆಲ್ಲಗೆ ವಾಪಸ್ ಬಂದು ಮೊದಲಿದ್ದ ಜಾಗದಲ್ಲೇ ಕೂತಿತು. ಮತ್ತೆ ತಿರುಗಿಸಿದರು, ಮತ್ತೆ ವಾಪಸ್. ಬೋಲ್ಟು ಬುಷ್ಷಿನ ಒಳಗಿನ ಕಬ್ಬಿಣದ ಕೊಳವೆಗೆ ತುಕ್ಕು ಹಿಡಿದು ಒಂದಾಗಿಬಿಟ್ಟಿತ್ತು. ಬೋಲ್ಟ್ ಬಿಟ್ಟುಕೊಂಡಿರಲೇ ಇಲ್ಲ, ಸುತ್ತಲಿನ ರಬ್ಬರ್ ತಿರುಚಿಕೊಳ್ಳುತ್ತಿತ್ತು. ತುಕ್ಕು ಬಿಡಿಸುವ ಎಣ್ಣೆ ಕುಡಿಸಿದರು, ಸುತ್ತಿಗೆಯಲ್ಲಿ ಮಾತಾಡಿಸಿದರು, ಬೆಂಕಿ ತೋರಿಸಿದರು. ರಬ್ಬರ್ ಸುಟ್ಟ ವಾಸನೆ ನನ್ನ ಅಂಗಿಗೆ ಹತ್ತಿ ಮನೆವರೆಗೂ ಬಂತು. ಬೋಲ್ಟ್ ಬರಲಿಲ್ಲ. ಕೊನೆಗೆ ಕಟಿಂಗ್ ಬ್ಲೇಡಿನಲ್ಲಿ ಕತ್ತರಿಸಿ ತೆಗೆದರು. ಹಳೆ ಗಾಡಿಗೆ ಲಿಫ್ಟ್ ಕಿಟ್ ತರಿಸುವವರು ಅದರ ಜೊತೆಗೇ ಹೊಸ ಬೋಲ್ಟುಗಳ ಸೆಟ್ಟನ್ನೂ ತರಿಸಿಕೊಳ್ಳುವುದು ಒಳ್ಳೇದು. ಪೆಟ್ಟಿಗೆಯ ಮೇಲೆ ಬರೆದಿರುವ ಕೆಲಸದ ಸಮಯ ತುಕ್ಕಿಲ್ಲದ ಗಾಡಿಗೆ.

ಗಾಡಿ ಎದ್ದು ನಿಂತಿತು. ನಾಲ್ಕೂ ಮೂಲೆ ಮಟ್ಟ. ಸೈಲೆನ್ಸರ್ ಪೈಪಿನ ಕರ್ರ್ ನಿಂತಿತು. ಅದರ ಬದಲು ಒಂದು ವೇಗ ದಾಟಿದ ಕೂಡಲೇ ಸೀಟಿನಡಿ ಗುರ್ ಎಂಬ ನಡುಕ ಶುರುವಾಯಿತು. ಎತ್ತರ ಬದಲಾದ ಮೇಲೆ ಪ್ರೊಪೆಲ್ಲರ್ ಶಾಫ್ಟಿನ ಎರಡೂ ತುದಿಯ ಕೋನ ಒಂದಕ್ಕೊಂದು ಸರಿಹೊಂದಿರಲಿಲ್ಲ. ಸ್ಪ್ರಿಂಗಿನ ಅಡಿಗೆ ಓರೆಯಾದ ತೆಳು ಬಿಲ್ಲೆ ಹಾಕಿ ಡಿಫರೆನ್ಷಿಯಲ್ಲನ್ನು ಸ್ವಲ್ಪ ತಿರುಗಿಸಬೇಕು. ಬಿಲ್ಲೆಯ ದಪ್ಪ ತುದಿ ಮುಂದಕ್ಕೋ ಹಿಂದಕ್ಕೋ ಎಂದು ಹುಡುಗರಲ್ಲಿ ವಾದ ಆಯಿತು. ಜೋರಾಗಿ ಮಾತಾಡಿದವನು ಗೆದ್ದ. ನಡುಕ ಎರಡರಷ್ಟಾಯಿತು. ತಿರುಗಿಸಿ ಹಾಕಿದ ಮೇಲೆ ನಿಂತಿತು.

ಅಷ್ಟರಲ್ಲಿ ಮೆಕ್ಯಾನಿಕ್ ಇನ್ನೊಂದು ತೋರಿಸಿದರು. ಹಿಂದಿನ ಆಕ್ಸಲ್ಲಿನಿಂದ ಚಾಸಿಗೆ ಒಂದು ಸಣ್ಣ ಕಡ್ಡಿ. ಅದರ ಮೇಲ್ತುದಿಯಲ್ಲಿ ಬ್ರೇಕ್ ವಾಲ್ವ್. ಭಾರ ಹಾಕಿದಾಗ ಗಾಡಿಯ ಹಿಂಭಾಗ ಕೆಳಗಿಳಿಯುತ್ತದೆ, ಕಡ್ಡಿ ಅದನ್ನು ವಾಲ್ವಿಗೆ ತಿಳಿಸುತ್ತದೆ, ಹಿಂದಿನ ಬ್ರೇಕಿಗೆ ಒತ್ತಡ ಜಾಸ್ತಿ ಹೋಗುತ್ತದೆ. ಈಗ ಗಾಡಿ ಎರಡಿಂಚು ಮೇಲಿದೆ. ಮೂಟೆ ತುಂಬಿದ್ದರೂ ಆ ವಾಲ್ವ್ ಗಾಡಿ ಖಾಲಿ ಅಂತಲೇ ತಿಳಿದುಕೊಳ್ಳುತ್ತದೆ. ಕಡ್ಡಿಯನ್ನು ಹೊಸ ಎತ್ತರಕ್ಕೆ ಹೊಂದಿಸಿದರು. ಬ್ರೇಕಿನ ರಬ್ಬರ್ ಪೈಪು ಚಕ್ರ ಪೂರ್ತಿ ಇಳಿದಾಗ ಎಳೆದುಕೊಳ್ಳುತ್ತದಾ ಅಂತ ಜ್ಯಾಕ್ ಕೊಟ್ಟು ನೋಡಿದರು. ಇದನ್ನೆಲ್ಲ ಪೆಟ್ಟಿಗೆಯ ಮೇಲಿನ ಚಿತ್ರದಲ್ಲಿ ಯಾರೂ ಹಾಕಿರುವುದಿಲ್ಲ. ಅಲ್ಲಿ ಬಂಡೆಯ ಮೇಲೆ ನಿಂತ ಗಾಡಿ ಮಾತ್ರ.

ಹೆಡ್‌ಲೈಟನ್ನು ಮಾತ್ರ ಯಾರೂ ನೆನಪು ಮಾಡಲಿಲ್ಲ. ಮೊದಲ ರಾತ್ರಿ ಗಾಡಿ ತಿರುಗಿಸುವಾಗ ಎದುರು ಮನೆಯ ಮಹಡಿ ಕಿಟಕಿ ಹಗಲಾಯಿತು. ಪರದೆ ಸರಿಯಿತು, ಬೆಳಕಿಗೆ ಕೈ ಅಡ್ಡ ಹಿಡಿದ ಒಂದು ಮುಖ ಕಾಣಿಸಿತು. ನಾನು ಗೌರವದಿಂದ ಕೈ ಬೀಸಿದೆ. ಅವರಿಗೆ ಕಂಡಿರಲಾರದು. ಲೈಟಿನ ಹಿಂದಿನ ಸ್ಕ್ರೂ ತಿರುಗಿಸಿ ತಗ್ಗಿಸಿದ ಮೇಲೆ ಮತ್ತೆ ಮಾತಾಡಿಸುತ್ತಿದ್ದಾರೆ.

ಹತ್ತೋಕೆ ಹೆಂಡತಿಗೊಂದು ಮೆಟ್ಟಿಲು ಹಾಕಿಸಿದ್ದಾಯಿತು. ಅದು ಬಾಗಿಲ ಕೆಳಗೆ ನೇತಾಡುತ್ತದೆ. ನೆಲದಿಂದ ಅಳೆದರೆ ಮೊದಲು ಸೈಲೆನ್ಸರ್ ಪೈಪು ಎಲ್ಲಿತ್ತೋ ಸುಮಾರು ಅಲ್ಲಿಗೇ ಬರುತ್ತದೆ.

ತಂಗಿ ಮಗನಿಗೆ ಈಗ ಹೊಸ ಜ್ಞಾನೋದಯ. ಸಸ್ಪೆನ್ಷನ್ ಎಷ್ಟು ಎತ್ತಿದರೂ ಹಿಂದಿನ ಡಿಫರೆನ್ಷಿಯಲ್ಲಿನ ಗುಂಡು ಇದ್ದ ಜಾಗದಲ್ಲೇ ಇರುತ್ತದೆ, ಅದನ್ನು ಮೇಲೆತ್ತುವುದು ಟೈರ್ ಒಂದೇ. ವ್ಯಾಸದಲ್ಲಿ ಎರಡು ಇಂಚು ದೊಡ್ಡ ಟೈರ್ ಹಾಕಿದರೆ ಅದು ಒಂದು ಇಂಚು ಏಳುತ್ತದೆ. ಅವನು ಹೇಳುವುದು ನಿಜ. 29 ಇಂಚಿನ ಟೈರ್ ತೆಗೆದು 31ರದ್ದು ಹಾಕಿದರೆ ಮೀಟರ್ 60 ತೋರಿಸುವಾಗ ಗಾಡಿ 64ರಲ್ಲಿ ಓಡುತ್ತಿರುತ್ತದೆ ಅನ್ನುವುದೂ ನಿಜ. ಗಾಡಿಯ ಎಳೆತ ಸಾಯುತ್ತದೆ, ಆಮೇಲೆ ಗೇರ್ ಅನುಪಾತ ಬದಲಿಸಬೇಕು ಅನ್ನುವುದೂ ನಿಜ. ಅವನು ಮೊದಲನೆಯ ನಿಜ ಮಾತ್ರ ಹೇಳುತ್ತಾನೆ.

ಮೊನ್ನೆ ಬಂದವನು ಫೆಂಡರಿಗೂ ಟೈರಿಗೂ ನಡುವೆ ಕೈ ತೂರಿಸಿ, ಬೆರಳು ಅಗಲಿಸಿ ನೋಡುತ್ತಿದ್ದ. 'ಮಾವ, 33 ಆರಾಮಾಗಿ ಕೂರುತ್ತೆ' ಅಂದ. ಆಮೇಲೆ ಟೇಪ್ ಕೇಳಿದ. ಎಲ್ಲೋ ಇಟ್ಟುಬಿಟ್ಟಿದ್ದೀನಿ ಅಂದೆ. ಕಿಸೆಯಲ್ಲೇ ಇತ್ತು.