ಸತ್ಯಾಂಶ: ಪ್ರೊಸೆಸರ್ ಸಂಖ್ಯೆ ಜಾಸ್ತಿ ಮಾಡಿದ್ರೆ ಲ್ಯಾಪ್‌ಟಾಪ್ ಓಡುತ್ತಾ?

ವಾಟ್ಸಾಪಲ್ಲಿ ಮತ್ತೆ ಆ ಫಾರ್ವರ್ಡ್ ಓಡಾಡ್ತಿದೆ, ಎಂಎಸ್‌ಕಾನ್ಫಿಗ್ ಅನ್ನೋ ವಿಂಡೋಸ್ ಸೆಟ್ಟಿಂಗ್ ಟೂಲ್ ತೆಗೆದು ಬೂಟ್ ಟ್ಯಾಬಲ್ಲಿ ಪ್ರೊಸೆಸರ್ ಸಂಖ್ಯೆ ಏರಿಸಿ, ಸ್ಪೀಡ್ ಡಬಲ್ ಆಗುತ್ತೆ ಅಂತ. ಹಾಗೇನೂ ಆಗಲ್ಲ. ವಿಂಡೋಸ್ ಮೊದಲಿಂದ್ಲೂ ಇರೋ ಕೋರ್‌ಗಳನ್ನೆಲ್ಲಾ (ಪ್ರೊಸೆಸರ್ ಒಳಗೆ ಲೆಕ್ಕ ಮಾಡೋ ಭಾಗಗಳು) ಬಳಸ್ತಾನೇ ಇರುತ್ತೆ, ಆ ಸೆಟ್ಟಿಂಗ್ ಇರೋದೇ ಟೆಸ್ಟಿಂಗ್‌ಗೋಸ್ಕರ ಕೋರ್ ಕಮ್ಮಿ ಮಾಡೋಕೆ, ಗೊತ್ತಿಲ್ದೆ 2 ಅಂತ ಇಟ್ರೆ ಇದ್ದಿದ್ದೂ ಹೋಯ್ತು.

ನಿಜವಾಗ್ಲೂ ಸ್ಲೋ ಇದ್ಯಾ ಅಂತ ನೋಡೋಕೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ, ಬರೋ ಟಾಸ್ಕ್ ಮ್ಯಾನೇಜರಲ್ಲಿ ಪರ್ಫಾರ್ಮೆನ್ಸ್ ಒಳಗೆ ಸಿಪಿಯು, ಅಂದ್ರೆ ಪ್ರೊಸೆಸರ್, ತೆಗೀರಿ. ಸುಮ್ನೆ ಇರೋವಾಗ ಸ್ಪೀಡ್ ಕಮ್ಮಿ ತೋರ್ಸಿದ್ರೆ ಗಾಬರಿ ಬೇಡ, ಅದು ಕರೆಂಟ್ ಉಳಿಸ್ತಿದೆ ಅಷ್ಟೇ. ಆದ್ರೆ ಬೇಸ್ ಸ್ಪೀಡ್, ಅಂದ್ರೆ ಪ್ರೊಸೆಸರ್‌ನ ಮೂಲ ವೇಗ, 2.4 ಗಿಗಾಹರ್ಟ್ಸ್ ಅಂತಿದ್ದು, ಬಳಕೆ 100% ಇದ್ದಾಗ್ಲೂ 0.8ರಲ್ಲೇ ಕೂತಿದ್ರೆ ಏನೋ ಅದಕ್ಕೆ ಬ್ರೇಕ್ ಹಾಕಿದೆ ಅಂತರ್ಥ.

ಸಾಮಾನ್ಯವಾಗಿ ಅದು ಬಿಸಿ. ಫ್ಯಾನಲ್ಲಿ ಧೂಳು ಕೂತು, ಬಿಸಿ ಹೊರಗೆ ದಾಟಿಸೋ ಥರ್ಮಲ್ ಪೇಸ್ಟ್ ಒಣಗಿ, ಪ್ರೊಸೆಸರ್ 100 ಡಿಗ್ರಿ ಹತ್ರ ಹೋದಾಗ ಸುಟ್ಟುಹೋಗ್ಬಾರ್ದು ಅಂತ ತಾನೇ ವೇಗ ಇಳಿಸ್ಕೊಳುತ್ತೆ, ಹಾಸಿಗೆ ಮೇಲಿಟ್ಟು ಗಾಳಿ ಕಿಂಡಿ ಮುಚ್ಚಿದ್ರಂತೂ ಮುಗೀತು. ಇನ್ನೊಂದು ಕಾರಣ ಚಾರ್ಜರ್, ಪವರ್ ಸಾಲ್ದೆ ಹೋದ್ರೂ ಲ್ಯಾಪ್‌ಟಾಪ್ ವೇಗ ಇಳಿಸ್ಬಹುದು. 65 ವಾಟ್ ಬೇಕಾದ ಜಾಗದಲ್ಲಿ ನಾನು ಸಿಕ್ಕಿದ 45 ವಾಟಿಂದು ಹಾಕ್ಕೊಂಡು ಎರಡು ವಾರ ವೈರಸ್ ಹುಡುಕಿದೀನಿ! ಸರಿಯಾದ ಚಾರ್ಜರ್ ಚುಚ್ಚಿದ ತಕ್ಷಣ ಸ್ಪೀಡ್ ವಾಪಸ್ ಬಂತು.